ಶ್ವಾಸರೋಗದಲ್ಲಿ ಮನಃಕ್ಲೇಶದ ಸ್ಥಾನ

೧. ವಿಷಯನಿರ್ದೇಶ

'ಉಬ್ಬಸ' ಎಂಬ ಕನ್ನಡ ಶಬ್ದಕ್ಕೆ ಎರಡು ಅರ್ಥಗಳುಂಟು. ಉಸಿರು ಸಾಗದೆ ಎದೆಯು ಏರಿಳಿಯುವ ವ್ಯಾಧಿಯೆಂಬುದು ಒಂದು. ಸಂಕಟ, ಕಷ್ಟ ಎಂಬುದು ಇನ್ನೊಂದು. ಇಂದಿನ ಆಡುಮಾತಿನಲ್ಲಿ ಮೊದಲನೆಯ ಅರ್ಥವೇ ಪ್ರಚುರವಾಗಿದ್ದರೂ ಕಾವ್ಯಭಾಷೆಯಲ್ಲಿ ಎರಡನೆಯದೂ ಬಳಕೆಯಲ್ಲಿದ್ದಿತು. ಅಳಲು ಹೆಚ್ಚಿದವನು ನಿಟ್ಟುಸಿರು ಬಿಡುವನು, ಬೆದರಿದವನಿಗೆ ಉಸಿರು ಕಟ್ಟುವುದು ಎಂಬಿವು ಲೋಕರೂಢಿಯ ಮಾತುಗಳು. ಭರತನು ನಾಟ್ಯಶಾಸ್ತ್ರದಲ್ಲಿ ಕರುಣರಸದ ಅನುಭಾವಗಳನ್ನು ಎಣಿಸುವಲ್ಲಿ ಕಣ್ಣೀರು, ವಿಲಾಪ, ವೈವರ್ಣ್ಯಗಳೊಡನೆ ನಿಃಶ್ವಾಸವನ್ನೂ ಹೇಳಿರುವನು. ಆದಕಾರಣ ಮನಸ್ಸಿಗೂ ಉಸಿರಿಗೂ ಸಂಬಂಧವುಂಟೆಂಬುದು ಸಾಹಿತ್ಯಾಭ್ಯಾಸಿಗಳಿಗೆ ಹೊಸ ಸಂಗತಿಯಲ್ಲ.

ಕಾವ್ಯದಲ್ಲಿ ಉಸಿರಿನ ವಿಕಾರವು ಭಾವದ ಚಿಹ್ನೆಯಾಗಿ ನಿಲ್ಲುತ್ತದೆ. ವೈದ್ಯಶಾಸ್ತ್ರದಲ್ಲಿ ಏಳುವ ಪ್ರಶ್ನೆ ಬೇರೆ. ಆಸ್ತಮ ಎಂದು ಇಂದು ಪ್ರಸಿದ್ಧವಾಗಿರುವ ಶ್ವಾಸರೋಗವುಳ್ಳವನಿಗೆ ಭಯ, ಶೋಕ, ಕ್ರೋಧ, ದೀರ್ಘಕಾಲದ ಚಿಂತೆ ಇವುಗಳಿಂದ ರೋಗವು ಉಲ್ಬಣಿಸುವುದೇ? ಉಲ್ಬಣಿಸುವುದಾದರೆ ಮನಃಕ್ಲೇಶವು ರೋಗದ ಉತ್ಪಾದಕವೆನ್ನಬೇಕೋ, ಕೇವಲ ವರ್ಧಕವೆನ್ನಬೇಕೋ? ಈ ಎರಡು ಪದಗಳ ಭೇದವನ್ನು ಮರೆತುದರಿಂದ ಕಳೆದ ಶತಮಾನದಲ್ಲಿ ಅನೇಕ ರೋಗಿಗಳಿಗೂ ಅವರ ತಾಯಂದಿರಿಗೂ ಅನ್ಯಾಯವಾಗಿದೆ. ಆದುದರಿಂದ ಇದು ಬರಿಯ ಶಬ್ದವಿವಾದವಲ್ಲ.

೨. ರೋಗದ ಸ್ವರೂಪ

ಮೊದಲು ರೋಗವೆಂದರೇನೆಂಬುದನ್ನು ತಿಳಿಯಬೇಕು. ಕೊರಳಿನಿಂದ ಪುಪ್ಪುಸಗಳಿಗೆ ಇಳಿಯುವ ಶ್ವಾಸನಾಳವು ಮರದ ಕೊಂಬೆಗಳಂತೆ ಕವಲೊಡೆದು ಅತಿಸೂಕ್ಷ್ಮವಾದ ನಾಳಗಳಾಗುತ್ತದೆ. ಈ ನಾಳಗಳ ಸುತ್ತ ತೆಳುವಾದ ಮಾಂಸದ ಎಳೆಗಳೂ, ಒಳಮೈಯಲ್ಲಿ ಲೋಳೆಯನ್ನು ಸ್ರವಿಸುವ ಪೊರೆಯೂ ಇರುತ್ತವೆ. ಆಸ್ತಮದಲ್ಲಿ ಮೂರು ವಿಕಾರಗಳು ಕೂಡುತ್ತವೆ: ಮಾಂಸದ ಎಳೆಗಳು ಬಿಗಿದುಕೊಳ್ಳುವುದು, ಒಳಪೊರೆಯು ಉರಿಯೂತದಿಂದ ಬಾತುಕೊಳ್ಳುವುದು, ಲೋಳೆಯು ಹೆಚ್ಚಿ ಗಟ್ಟಿಯಾಗುವುದು. ದಾರಿಯು ಇಕ್ಕಟ್ಟಾದಾಗ, ಒಳಹೊಕ್ಕ ಗಾಳಿಯು ಹೊರಹೊರಡುವುದೇ ವಿಶೇಷವಾಗಿ ಕಷ್ಟವಾಗುತ್ತದೆ. ಗೊರಗೊರ ಶಬ್ದವೂ ಏದುಸಿರೂ ಹುಟ್ಟುತ್ತವೆ.

ಬಹುಮಂದಿಯಲ್ಲಿ ಈ ಉರಿಯೂತಕ್ಕೆ ಮೂಲವು ಅಲರ್ಜಿ. ಆಯುರ್ವೇದದ ಪರಿಭಾಷೆಯಲ್ಲಿ ಇದನ್ನು ಅಸಾತ್ಮ್ಯವೆನ್ನಬಹುದು. ಕನ್ನಡದಲ್ಲಿ ಒಗ್ಗದಿಕೆಯೆಂದರೆ ಸಾಕು. ಅಲರ್ಜಿಯೆಂಬ ಶಬ್ದವನ್ನು ೧೯೦೬ರಲ್ಲಿ ವಿಯೆನ್ನಾದ ವೈದ್ಯನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬವನು ರಚಿಸಿದನು. ಹೂವಿನ ಪರಾಗ, ಮನೆಯ ಧೂಳಿನಲ್ಲಿರುವ ನುಸಿ, ಪ್ರಾಣಿಗಳ ಮೈಯ ಹೊಟ್ಟು ಮೊದಲಾದ, ಇತರರಿಗೆ ನಿರಪಾಯವಾದ ವಸ್ತುಗಳನ್ನು ರೋಗಿಯ ದೇಹವು ಶತ್ರುವೆಂದು ಎಣಿಸಿ, ಇಮ್ಯುನೊಗ್ಲಾಬ್ಯುಲಿನ್ 'ಇ' ಎಂಬ ರಕ್ಷಕದ್ರವ್ಯವನ್ನು ಉಂಟುಮಾಡಿಕೊಂಡಿರುತ್ತದೆ. ಅದೇ ವಸ್ತುವು ಮತ್ತೆ ಒಳಹೊಕ್ಕಾಗ ಮಾಸ್ಟ್ ಕೋಶಗಳು ಒಡೆದು ಹಿಸ್ಟಮೀನ್ ಮೊದಲಾದ ದ್ರವ್ಯಗಳನ್ನು ಚೆಲ್ಲುತ್ತವೆ. ಇದರಿಂದ ಕೆಲವು ನಿಮಿಷಗಳಲ್ಲಿಯೇ ನಾಳವು ಬಿಗಿಯುತ್ತದೆ. ಕೆಲವು ಗಂಟೆಗಳ ಅನಂತರ ಇಯೊಸಿನೊಫಿಲ್ ಎಂಬ ಬಿಳಿಯ ರಕ್ತಕಣಗಳು ಗುಂಪುಗೂಡಿ ಬಂದು ಒಳಪೊರೆಯನ್ನು ಕೆರಳಿಸುತ್ತವೆ. ಎರಡನೆಯದಾದ ಈ ವಿಳಂಬಿತ ಉರಿಯೂತವೇ ರೋಗವನ್ನು ದಿನಗಟ್ಟಲೆ ಎಳೆಯುವಂಥದು.

೩. ಪ್ರಾಚೀನರ ಮತ

ಚರಕಸಂಹಿತೆಯ ಚಿಕಿತ್ಸಾಸ್ಥಾನದ ೧೭ನೆಯ ಅಧ್ಯಾಯವು ಹಿಕ್ಕಾಶ್ವಾಸಗಳನ್ನು ಕುರಿತದ್ದು. ಅಲ್ಲಿ ಶ್ವಾಸವು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದು ಬಗೆಯಾಗಿ ವಿಭಾಗಿಸಲ್ಪಟ್ಟಿದೆ. ಇವುಗಳಲ್ಲಿ ತಮಕಶ್ವಾಸದ ಲಕ್ಷಣಗಳು ಇಂದಿನ ಆಸ್ತಮಕ್ಕೆ ಬಹಳ ಹತ್ತಿರವಾಗಿವೆ. ನೆಗಡಿಯೊಡನೆ ಕೂಡಿರುವುದು, ಕೊರಳಲ್ಲಿ ಘುರುಘುರು ಶಬ್ದ, ಮಲಗಿದರೆ ಹೆಚ್ಚಿ ಕುಳಿತರೆ ತುಸು ಶಮನವಾಗುವುದು, ಬಿಸಿಯನ್ನು ಬಯಸುವುದು, ಮೋಡ, ಮಳೆ, ಚಳಿ, ಮೂಡಣಗಾಳಿಗಳಿಂದ ಉಲ್ಬಣಿಸುವುದು, ಕಫವು ಹೊರಬಿದ್ದಾಗ ಮುಹೂರ್ತಕಾಲ ಸುಖವೆನಿಸುವುದು—ಇವೆಲ್ಲವೂ ರೋಗಿಯನ್ನು ಹತ್ತಿರದಿಂದ ನೋಡಿದವರು ಬರೆದ ಮಾತುಗಳು.

ಅಲ್ಲಿಯ ನಿದಾನಪಟ್ಟಿಯಲ್ಲಿ ಮೊದಲು ಬರುವುದು ರಜಸ್ಸು. ಇದು ಗುಣತ್ರಯದಲ್ಲಿ ಸೇರಿದ ರಜಸ್ಸಲ್ಲ. ಧೂಳೆಂದೇ ಅರ್ಥ, ಏಕೆಂದರೆ ಅದರ ಬಳಿಯಲ್ಲಿಯೇ ಹೊಗೆ, ಗಾಳಿಗಳು ಹೇಳಲ್ಪಟ್ಟಿವೆ. ಅನಂತರ ತಣ್ಣನೆಯ ಎಡೆ, ತಣ್ಣೀರು, ಅತಿಶ್ರಮ, ದಾರಿನಡೆ, ವಿಷಮಭೋಜನ, ಇತರ ರೋಗಗಳ ಅನುಬಂಧ, ಕಫವರ್ಧಕವಾದ ಆಹಾರ ಮೊದಲಾದುವು ಬರುತ್ತವೆ. ಶೋಕ, ಭಯ, ಕ್ರೋಧಗಳಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ.

ಹಾಗೆಂದು ಚರಕನು ಮನಸ್ಸನ್ನು ಮರೆತನೆನ್ನಲಾಗದು. ಜ್ವರಚಿಕಿತ್ಸೆಯಲ್ಲಿ ಕಾಮ, ಶೋಕ, ಭಯಗಳಿಂದ ವಾಯುವು ಕೆರಳುವುದೆಂದು ಹೇಳಿದೆ. ಶ್ವಾಸರೋಗವಾದರೋ ಕಫವಾತಾತ್ಮಕವೆಂದೇ ಗ್ರಂಥದ ಮತ. ಇದಕ್ಕಿಂತಲೂ ಮುಖ್ಯವಾದುದು ಸೂತ್ರಸ್ಥಾನದ ೨೫ನೆಯ ಅಧ್ಯಾಯದ ಅಗ್ರ್ಯಸಂಗ್ರಹ. ಯಾವ ಯಾವ ಕಾರ್ಯದಲ್ಲಿ ಯಾವ ಯಾವ ವಸ್ತುವು ಶ್ರೇಷ್ಠವೆಂದು ಒಂದೊಂದಾಗಿ ಎಣಿಸುವ ಆ ಭಾಗದಲ್ಲಿ, ರೋಗವನ್ನು ಹೆಚ್ಚಿಸುವವುಗಳಲ್ಲಿ ವಿಷಾದವು ಅಗ್ರಗಣ್ಯವೆಂದು ಹೇಳಲ್ಪಟ್ಟಿದೆ. ಅಲ್ಲಿ ಪ್ರಯುಕ್ತವಾದುದು 'ವರ್ಧನ' ಶಬ್ದವೇ ಹೊರತು ಜನನಾರ್ಥಕವಾದ ಶಬ್ದವಲ್ಲ. ಧೂಳು ಹೊಗೆಗಳನ್ನು ನಿದಾನದಲ್ಲಿಯೂ ವಿಷಾದವನ್ನು ವರ್ಧಕಗಳಲ್ಲಿಯೂ ಇರಿಸಿದ ಈ ವಿವೇಚನೆಯು ಗಮನಾರ್ಹವಾದುದು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ತಮಕದ ಒಂದು ಭೇದವು ತಮಸ್ಸಿನಿಂದ ಬೆಳೆಯುವುದೆಂದು ಅದೇ ಅಧ್ಯಾಯದಲ್ಲಿದೆ. ತಮಸ್ಸೆಂದರೆ ಕತ್ತಲೆಯೂ ಆಗಬಹುದು, ಮನೋದೋಷವಾದ ತಮೋಗುಣವೂ ಆಗಬಹುದು. ಎರಡನೆಯ ಅರ್ಥವನ್ನೇ ಹಿಡಿದು, ಇಂದಿನ ವಿಜ್ಞಾನವು ಹೇಳುವುದನ್ನೆಲ್ಲ ಪ್ರಾಚೀನರು ಮೊದಲೇ ಅರಿತಿದ್ದರೆಂದು ಸಾಧಿಸಲು ಹೊರಡುವುದು ಸರಿಯಲ್ಲ. ಶಬ್ದದಿಂದ ದಿಕ್ಕು ತೋರಬಹುದು. ನಿರ್ಣಯವು ಪರೀಕ್ಷೆಯಿಂದಲೇ ಆಗಬೇಕು.

೪. ಎರಡು ಪೂರ್ವಪಕ್ಷಗಳು

ಈ ವಿಷಯದಲ್ಲಿ ಪರಸ್ಪರವಿರುದ್ಧವಾದ ಎರಡು ಪಕ್ಷಗಳುಂಟು. ಮೊದಲನೆಯದು ಮನೋಜನ್ಯವಾದ. ರೋಗವು ಮೂಲತಃ ಮನಸ್ಸಿನದು, ಶರೀರದ ವಿಕಾರವು ಅದರ ನೆರಳು ಮಾತ್ರವೆಂಬುದು ಇದರ ತಿರುಳು. ೧೮೮೬ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯನಾದ ಜಾನ್ ಮೆಕೆಂಜಿಯು ಪ್ರಕಟಿಸಿದ ವೃತ್ತಾಂತವು ಈ ಪಕ್ಷಕ್ಕೆ ಪ್ರಸಿದ್ಧವಾದ ಉದಾಹರಣೆ. ಗುಲಾಬಿಯ ಸಾಮೀಪ್ಯದಿಂದ ಸೀನು, ಉಬ್ಬಸಗಳಿಗೆ ಒಳಗಾಗುತ್ತಿದ್ದ ಮಹಿಳೆಯೊಬ್ಬಳ ಮುಂದೆ ಆತನು ಕೃತಕವಾದ ಗುಲಾಬಿಯನ್ನು ಹಿಡಿದಾಗಲೂ ಅವಳಿಗೆ ಅದೇ ಉಪದ್ರವವು ಕಾಣಿಸಿಕೊಂಡಿತು. ಮುಂದೆ ೧೯೪೧ರಲ್ಲಿ ಷಿಕಾಗೋ ನಗರದ ಮನೋವಿಶ್ಲೇಷಕರಾದ ಫ್ರೆಂಚ್ ಮತ್ತು ಅಲೆಗ್ಸಾಂಡರ್ ಎಂಬವರು, ಆಸ್ತಮದ ಆಕ್ರಮಣವೆಂದರೆ ತಾಯಿಗಾಗಿ ಅಳುವ ಮಗುವಿನ ಅದುಮಿಟ್ಟ ಕೂಗು ಎಂಬ ಸಿದ್ಧಾಂತವನ್ನು ಮಂಡಿಸಿದರು. ಇದರ ಪರಿಣಾಮವಾಗಿ ಮಗುವಿನ ಉಬ್ಬಸಕ್ಕೆ ತಾಯಿಯ ನಡತೆಯೇ ಕಾರಣವೆಂಬ ಅಪವಾದವು ಬಹುಕಾಲ ಉಳಿಯಿತು.

ಎರಡನೆಯ ಪಕ್ಷವು ಇದಕ್ಕೆ ವಿರುದ್ಧ. ಮನಃಕ್ಲೇಶವು ರೋಗವನ್ನು ಹೆಚ್ಚಿಸುವುದು ಹಾಗಿರಲಿ, ಯುಕ್ತಿಯಿಂದ ನೋಡಿದರೆ ತಗ್ಗಿಸಬೇಕು ಎಂದು ಇವರ ವಾದ. ಭಯವುಂಟಾದಾಗ ಅಡ್ರಿನಲೀನ್ ಎಂಬ ಸ್ರಾವವು ರಕ್ತಕ್ಕೆ ಇಳಿಯುತ್ತದೆ. ಅದು ಶ್ವಾಸನಾಳಗಳನ್ನು ಅಗಲಿಸತಕ್ಕದ್ದು. ಕ್ಲೇಶವು ಮುಂದುವರಿದಾಗ ಕಾರ್ಟಿಸಾಲ್ ಎಂಬ ಇನ್ನೊಂದು ಸ್ರಾವವು ಹೆಚ್ಚುತ್ತದೆ. ಅದು ಉರಿಯೂತವನ್ನು ಶಮನಗೊಳಿಸತಕ್ಕದ್ದು. ಆಸ್ತಮಕ್ಕೆ ವೈದ್ಯರು ಕೊಡುವ ಔಷಧಗಳೂ ಈ ಎರಡು ದ್ರವ್ಯಗಳ ಸಜಾತೀಯಗಳೇ. ಹೀಗಿರುವಲ್ಲಿ ಕ್ಲೇಶವು ಅಪಕಾರಿಯಾಗುವುದು ಹೇಗೆ? ಇದಕ್ಕೆ ಅನುಭವದ ಬೆಂಬಲವೂ ಉಂಟು. ಸ್ವತಃ ಆಸ್ತಮದಿಂದ ಪೀಡಿತನಾಗಿದ್ದ ಲಂಡನ್ನಿನ ವೈದ್ಯ ಹೆನ್ರಿ ಹೈಡ್ ಸಾಲ್ಟರನು ೧೮೬೦ರ ತನ್ನ ಗ್ರಂಥದಲ್ಲಿ, ಹಠಾತ್ತಾದ ಮನಃಕ್ಷೋಭದಿಂದ ಆಕ್ರಮಣವು ಥಟ್ಟನೆ ನಿಂತುಹೋದ ಪ್ರಸಂಗಗಳನ್ನು ದಾಖಲೆಮಾಡಿರುವನು.

೫. ಅನ್ವಯವ್ಯತಿರೇಕಗಳು

ಇದು ಇದ್ದರೆ ಅದು ಇರುವುದು, ಇದು ಇಲ್ಲದಿದ್ದರೆ ಅದು ಇಲ್ಲ ಎಂದು ತೋರಿಸುವ ಅನ್ವಯವ್ಯತಿರೇಕಗಳಿಂದಲೇ ಕಾರಣತ್ವವನ್ನು ನಿಶ್ಚಯಿಸಬೇಕೆಂಬುದು ತಾರ್ಕಿಕರ ಮತ. ಈ ವಿಷಯದಲ್ಲಿ ಅಂಥ ಪರೀಕ್ಷೆಗಳು ನಡೆದಿವೆ.

ಮೊದಲು ವಿಜ್ಞಾನಿಯೊಬ್ಬನ ಸ್ವಾನುಭವ. ಪ್ಯಾರಿಸ್ ನಗರದ ಪ್ರಖ್ಯಾತ ವೈದ್ಯನಾದ ಅರ್ಮಾಂ ತ್ರೂಸ್ಸೋ (೧೮೦೧–೧೮೬೭) ತಾನೂ ಆಸ್ತಮ ರೋಗಿಯಾಗಿದ್ದನು. ಗಾಡಿಯವನು ಕುದುರೆಯ ಓಟ್ಸ್ ಧಾನ್ಯವನ್ನು ಕದಿಯುತ್ತಿರುವನೆಂದು ಸಂಶಯಪಟ್ಟು, ಅಟ್ಟವನ್ನು ಹತ್ತಿ ಅದನ್ನು ಅಳೆಯಿಸುತ್ತಿದ್ದಾಗ ಅವನಿಗೆ ಭಯಂಕರವಾದ ಆಕ್ರಮಣವಾಯಿತು. ಅದಕ್ಕಿಂತ ದಟ್ಟವಾದ ಧೂಳಿನಲ್ಲಿ ಎಷ್ಟೋ ಸಲ ನಿಂತಿದ್ದರೂ ಹಾಗೆ ಆಗಿರಲಿಲ್ಲ. ಧೂಳು ಎಂದಿನದೇ, ಅಂದು ಹೆಚ್ಚಾಗಿದ್ದುದು ಕಳವಿನ ಶಂಕೆಯಿಂದ ಕೆರಳಿದ್ದ ಮನಸ್ಸು ಎಂದು ತ್ರೂಸ್ಸೋ ತೀರ್ಮಾನಿಸಿದನು. ಆತನು ಧೂಳನ್ನು ಬಿಟ್ಟುಬಿಡಲಿಲ್ಲ, ಮನಸ್ಸನ್ನೂ ಬಿಡಲಿಲ್ಲ. ಎರಡರ ಕೂಟವನ್ನು ಹೇಳಿದನು.

೧೯೬೮ರಲ್ಲಿ ಅಮೆರಿಕದ ಲುಪರೆಲ್ಲೋ ಮತ್ತು ಅವನ ಸಹೋದ್ಯೋಗಿಗಳು ೪೦ ಮಂದಿ ಆಸ್ತಮ ರೋಗಿಗಳಿಗೆ ಬರಿಯ ಉಪ್ಪುನೀರಿನ ತುಂತುರನ್ನು ಉಸಿರಾಡಲು ಕೊಟ್ಟು, ಇದರಲ್ಲಿ ನಿಮಗೆ ಒಗ್ಗದ ವಸ್ತುವಿದೆಯೆಂದು ಹೇಳಿದರು. ೧೯ ಮಂದಿಯಲ್ಲಿ ಶ್ವಾಸನಾಳಗಳು ಬಿಗಿದುವು. ಅವರಲ್ಲಿ ೧೨ ಮಂದಿಗೆ ಪೂರ್ಣವಾದ ಆಕ್ರಮಣವೇ ಆಯಿತು. ಅನಂತರ ಅದೇ ಉಪ್ಪುನೀರನ್ನು ಔಷಧವೆಂದು ಹೇಳಿ ಕೊಟ್ಟಾಗ ಉಪಶಮನವಾಯಿತು. ಇದರಿಂದ ಮನೋಜನ್ಯವಾದವೇ ಗೆದ್ದಿತೆಂದು ತೋರಬಹುದು. ಆದರೆ ಆಸ್ತಮವಿಲ್ಲದವರಿಗೆ ಅದೇ ಮಾತನ್ನು ಹೇಳಿ ಅದೇ ತುಂತುರನ್ನು ಕೊಟ್ಟಾಗ ಏನೂ ಆಗಲಿಲ್ಲ. ನಂಬಿಕೆಯು ಬಿಗಿಯಬಲ್ಲ ನಾಳವನ್ನು ಬಿಗಿಸಿತೇ ಹೊರತು, ಅಂಥ ನಾಳವನ್ನು ಸೃಷ್ಟಿಸಲಿಲ್ಲ.

೧೯೬೯ರಲ್ಲಿ ಡೆನ್ವರ್ ನಗರದಲ್ಲಿ ಪರ್ಸೆಲ್ ಮತ್ತು ಸಂಗಡಿಗರು ಇನ್ನೊಂದು ಮಾರ್ಗವನ್ನು ಹಿಡಿದರು. ಮನೆಯಿಂದ ದೂರವಿರಿಸಿದ ಮಕ್ಕಳಿಗೆ ರೋಗವು ಕಡಮೆಯಾಗುವುದು ಅದಕ್ಕೆ ಮೊದಲೇ ಕಂಡುಬಂದಿತ್ತು. ಆದರೆ ಅದು ಮನೆಯ ಧೂಳು ತಪ್ಪಿದುದರಿಂದಲೋ ಮನೆಯವರ ಗೊಡವೆ ತಪ್ಪಿದುದರಿಂದಲೋ ತಿಳಿದಿರಲಿಲ್ಲ. ಆದಕಾರಣ ಇವರು ೨೫ ಮಕ್ಕಳನ್ನು ತಮ್ಮ ತಮ್ಮ ಮನೆಗಳಲ್ಲಿಯೇ ಉಳಿಸಿ, ನೋಡಿಕೊಳ್ಳುವವರನ್ನು ನೇಮಿಸಿ, ಮನೆಯವರನ್ನು ಎರಡು ವಾರ ಹೊರಗೆ ಕಳುಹಿಸಿದರು. ಭಾವೋದ್ವೇಗದಿಂದ ರೋಗವು ಹೆಚ್ಚುವುದೆಂದು ಮೊದಲೇ ಊಹಿಸಲಾಗಿದ್ದ ೧೩ ಮಕ್ಕಳು ಒಟ್ಟಿನಲ್ಲಿ ಸುಧಾರಿಸಿದರು. ಉಳಿದ ೧೨ ಮಕ್ಕಳ ಗುಂಪಿನಲ್ಲಿ ಅಂಥ ಸುಧಾರಣೆಯು ಕಾಣಲಿಲ್ಲ. ಮನಃಕ್ಲೇಶದ ಪ್ರಭಾವವು ನಿಜವೆಂಬುದೂ, ಅದು ಎಲ್ಲರಲ್ಲಿಯೂ ಒಂದೇ ಸಮನಲ್ಲವೆಂಬುದೂ ಇದರಿಂದ ಏಕಕಾಲದಲ್ಲಿ ತಿಳಿದುಬಂದಿತು.

ಮೇಲಿನ ಪರೀಕ್ಷೆಗಳು ಉಸಿರಿನ ಇಕ್ಕಟ್ಟನ್ನು ಅಳೆದುವು. ಉರಿಯೂತವನ್ನು ನೇರವಾಗಿ ಅಳೆಯಲಿಲ್ಲ. ಆ ಕೊರತೆಯನ್ನು ೨೦೦೨ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಿಯು, ಕೋ, ಬುಸ್ಸೆ ಮೊದಲಾದವರು ತುಂಬಿದರು. ಸೌಮ್ಯವಾದ ಆಸ್ತಮವುಳ್ಳ ೨೦ ಮಂದಿ ವಿದ್ಯಾರ್ಥಿಗಳಿಗೆ, ಅವರಿಗೆ ಒಗ್ಗದ ವಸ್ತುವನ್ನು ನಿಯತವಾದ ಪ್ರಮಾಣದಲ್ಲಿ ಒಮ್ಮೆ ನಿರಾತಂಕವಾದ ಕಾಲದಲ್ಲಿಯೂ ಇನ್ನೊಮ್ಮೆ ಅಂತಿಮ ಪರೀಕ್ಷೆಯ ವಾರದಲ್ಲಿಯೂ ಉಸಿರಾಡಿಸಿದರು. ವ್ಯಕ್ತಿಯೂ ಅವನೇ, ವಸ್ತುವೂ ಅದೇ. ಬೇರೆಯಾದುದು ಕಾಲದ ಕ್ಲೇಶವೊಂದೇ. ಪರೀಕ್ಷೆಯ ವಾರದಲ್ಲಿ ಅವರ ಕಫದಲ್ಲಿ ಇಯೊಸಿನೊಫಿಲ್ ಕಣಗಳು ಸ್ಪಷ್ಟವಾಗಿ ಹೆಚ್ಚಾಗಿದ್ದುವು. ಅಧ್ಯಾಪಕವರ್ಗದವರು ಈ ಸಂಗತಿಯನ್ನು ವಿಶೇಷವಾಗಿ ಮನಸ್ಸಿನಲ್ಲಿಡತಕ್ಕದ್ದು.

೬. ವರ್ಧನದ ಪ್ರಕಾರ

ಇನ್ನು ಎರಡನೆಯ ಪೂರ್ವಪಕ್ಷಕ್ಕೆ ಸಮಾಧಾನವನ್ನು ಹೇಳಬೇಕಾಗಿದೆ. ಅದರ ಯುಕ್ತಿಯು ಅಲ್ಪಕಾಲದ ಕ್ಲೇಶದ ವಿಷಯದಲ್ಲಿ ಪೂರ್ತಿಯಾಗಿ ಸುಳ್ಳಲ್ಲ. ೨೦೦೪ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಫೋರ್ಸೈತ್ ಮತ್ತು ಸಹೋದ್ಯೋಗಿಗಳು ಅಲರ್ಜಿಯನ್ನುಂಟುಮಾಡಿದ ಇಲಿಗಳನ್ನು ಕ್ಲೇಶಕ್ಕೆ ಒಳಪಡಿಸಿ ನೋಡಿದರು. ಅಲ್ಪಕಾಲದ ಕ್ಲೇಶದಿಂದ ಪುಪ್ಪುಸದ ಉರಿಯೂತವು ತಗ್ಗಿತು. ದೀರ್ಘಕಾಲದ ಕ್ಲೇಶದಿಂದ ಅದು ಹೆಚ್ಚಿತು. ಸಾಲ್ಟರನು ಕಂಡ ಹಠಾತ್ ಶಮನಕ್ಕೂ, ಪರೀಕ್ಷೆಯ ವಾರದ ವಿದ್ಯಾರ್ಥಿಗಳಲ್ಲಿ ಕಂಡ ವೃದ್ಧಿಗೂ ವಿರೋಧವಿಲ್ಲವೆಂಬುದು ಇದರಿಂದ ತೋರುತ್ತದೆ.

ದೀರ್ಘಕ್ಲೇಶವು ಅಪಕಾರಿಯಾಗುವುದಕ್ಕೆ ಕಾರಣವೇನೆಂದರೆ, ಕಾರ್ಟಿಸಾಲ್ ತಾನಾಗಿ ಏನನ್ನೂ ಮಾಡಲಾರದು. ಕೋಶಗಳಲ್ಲಿರುವ ಗ್ರಾಹಕಗಳು ಅದನ್ನು ಸ್ವೀಕರಿಸಬೇಕು. ಎಡೆಬಿಡದೆ ಕರೆಯುವವನ ಕೂಗಿಗೆ ಕಿವಿಯು ಮಂದವಾಗುವಂತೆ, ಬಹುಕಾಲದ ಕ್ಲೇಶದಲ್ಲಿ ಈ ಗ್ರಾಹಕಗಳು ಕುಗ್ಗುತ್ತವೆ. ೨೦೦೬ರಲ್ಲಿ ಮಿಲ್ಲರ್ ಮತ್ತು ಚೆನ್ ಎಂಬವರು ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲದ ಕಷ್ಟದೊಡನೆ ಹೊಸದೊಂದು ಆಘಾತವನ್ನೂ ಅನುಭವಿಸಿದ ಆಸ್ತಮ ಪೀಡಿತ ಮಕ್ಕಳ ಬಿಳಿಯ ರಕ್ತಕಣಗಳನ್ನು, ಅಂಥ ಕ್ಲೇಶವಿಲ್ಲದ ಆಸ್ತಮ ಪೀಡಿತ ಮಕ್ಕಳ ಕಣಗಳೊಡನೆ ಹೋಲಿಸಲಾಯಿತು. ಕಾರ್ಟಿಸಾಲ್ ಗ್ರಾಹಕವನ್ನು ನಿರ್ಮಿಸುವ ಜೀನಿನ ಸಂದೇಶವು ೫.೫ ಪಾಲು ಕುಗ್ಗಿದ್ದಿತು. ಅಡ್ರಿನಲೀನನ್ನು ಸ್ವೀಕರಿಸುವ ಬೀಟಾ-೨ ಗ್ರಾಹಕದ ಸಂದೇಶವು ೯.೫ ಪಾಲು ಕುಗ್ಗಿದ್ದಿತು. ಇದರಲ್ಲಿ ಚಿಕಿತ್ಸಕನಿಗೆ ಒಂದು ಎಚ್ಚರಿಕೆಯು ಅಡಗಿದೆ. ಉಸಿರಿನ ಮೂಲಕ ಸೇವಿಸುವ ಔಷಧಗಳೂ ಇದೇ ಎರಡು ಬಾಗಿಲುಗಳಿಂದಲೇ ಒಳಹೋಗಬೇಕಾಗಿರುವುದರಿಂದ, ಕ್ಲಿಷ್ಟನಾದ ರೋಗಿಯಲ್ಲಿ ಔಷಧದ ಬಲವೂ ಕುಂದಬಹುದು.

ಎರಡನೆಯ ಮಾರ್ಗವು ನರಗಳದು. ಮೆದುಳಿನಿಂದ ಇಳಿದುಬರುವ ವೇಗಸ್ ಎಂಬ ನರವು ಅಸಿಟೈಲ್‌ಕೋಲೀನ್ ಎಂಬ ದ್ರವ್ಯವನ್ನು ಸುರಿಸಿ ಶ್ವಾಸನಾಳದ ಎಳೆಗಳನ್ನು ಬಿಗಿಸುತ್ತದೆ. ಸೂಚನೆಯ ಮಾತಿನಿಂದ ಕ್ಷಣಮಾತ್ರದಲ್ಲಿ ಉಸಿರು ಬಿಗಿಯುವುದು ಈ ಮಾರ್ಗದಿಂದ. ಇದರೊಡನೆ ಅಪ್ರತ್ಯಕ್ಷವಾದ ಮಾರ್ಗಗಳೂ ಉಂಟು. ಚಿಂತಾಕ್ರಾಂತನಾದವನು ಔಷಧವನ್ನು ಮರೆಯುವನು, ನಿದ್ರೆಗೆಡುವನು, ಹೊಗೆಬತ್ತಿಯನ್ನು ಹಿಡಿಯುವನು; ವೇಗವಾಗಿ ಬಾಯಿಂದ ಉಸಿರಾಡಿ ನಾಳಗಳನ್ನು ಒಣಗಿಸಿಕೊಳ್ಳುವನು.

ಇಷ್ಟೇ ಅಲ್ಲ. ಉಸಿರು ಸಿಕ್ಕದಿರುವುದಕ್ಕಿಂತ ದೊಡ್ಡ ಭಯವು ಪ್ರಾಣಿಗೆ ಬೇರೊಂದಿಲ್ಲ. ರೋಗದಿಂದ ಭಯವೂ, ಭಯದಿಂದ ರೋಗವೃದ್ಧಿಯೂ, ಅದರಿಂದ ಮತ್ತೆ ಭಯವೂ ಹುಟ್ಟುತ್ತವೆ. ಇದು ಬೀಜಾಂಕುರದಂತೆ ಸಾಗುವ ಪರಂಪರೆಯಾದುದರಿಂದ ಮೊದಲು ಯಾವುದೆಂದು ವಿಚಾರಿಸುತ್ತ ಕೂಡದೆ, ಎಲ್ಲಿ ಸಾಧ್ಯವೋ ಅಲ್ಲಿ ಅದನ್ನು ಕಡಿಯಬೇಕು.

೭. ಸಿದ್ಧಾಂತವೂ ಅದರ ಫಲವೂ

ಮೇಲೆ ಹೇಳಿದುದೆಲ್ಲವನ್ನೂ ಪರ್ಯಾಲೋಚಿಸಿದರೆ, ಆಸ್ತಮದಲ್ಲಿ ಮನಃಕ್ಲೇಶವು ಸಹಕಾರಿಕಾರಣವೆಂದೂ ವರ್ಧಕವೆಂದೂ ನಿಶ್ಚಯವಾಗುತ್ತದೆ. ತುಪ್ಪವು ಉರಿಯುವ ಬೆಂಕಿಯನ್ನು ಹೆಚ್ಚಿಸುವುದು. ಬೆಂಕಿಯಿಲ್ಲದ ಒಲೆಯಲ್ಲಿ ಸುರಿದರೆ ಉರಿಯನ್ನು ಹುಟ್ಟಿಸದು. ಗರ್ಭಿಣಿಯ ಕ್ಲೇಶಕ್ಕೂ ಮುಂದೆ ಶಿಶುವಿಗೆ ಬರುವ ಉಬ್ಬಸಕ್ಕೂ ಸಂಬಂಧವನ್ನು ತೋರಿಸಿದ ಅಧ್ಯಯನಗಳೂ ಉಂಟು. ಅಲ್ಲಿಯೂ ಕ್ಲೇಶವು ಅನೇಕ ಕಾರಣಗಳಲ್ಲಿ ಒಂದೇ ಹೊರತು ಏಕಮಾತ್ರ ಕಾರಣವಲ್ಲ.

ಈ ಸಿದ್ಧಾಂತದಿಂದ ಎರಡು ಫಲಗಳು ಲಭಿಸುತ್ತವೆ. ಒಂದನೆಯದು ನಿಷೇಧರೂಪವಾದುದು: ರೋಗಿಯನ್ನು ನೋಡಿ 'ಇದೆಲ್ಲ ನಿನ್ನ ಮನಸ್ಸಿನ ಭ್ರಮೆ' ಎನ್ನಕೂಡದು, ಉರಿಯೂತವನ್ನು ತಗ್ಗಿಸುವ ಔಷಧವನ್ನು ಬಿಡಿಸಕೂಡದು, ಮಗುವಿನ ಉಬ್ಬಸಕ್ಕಾಗಿ ತಾಯಿಯನ್ನು ನಿಂದಿಸಕೂಡದು. ಅಂಥ ನಿಂದೆಯೇ ಹೊಸದೊಂದು ಕ್ಲೇಶವಾಗಿ ರೋಗವರ್ಧಕವಾಗುವುದು. ಎರಡನೆಯದು ವಿಧಿರೂಪವಾದುದು: ಔಷಧದೊಡನೆ ಮನಃಶಾಂತಿಯನ್ನೂ ಸಂಪಾದಿಸಬೇಕು.

ವಿಧಿಯ ವಿಷಯದಲ್ಲಿ ಕರ್ಣಾಟಕದಿಂದಲೂ ಒಂದು ಕಾಣಿಕೆ ಸಂದಿದೆ. ಬೆಂಗಳೂರಿನ ನಾಗರತ್ನಾ ಮತ್ತು ನಾಗೇಂದ್ರ ಅವರು ೧೯೮೫ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ, ೫೩ ಮಂದಿ ಆಸ್ತಮ ರೋಗಿಗಳಿಗೆ ಎರಡು ವಾರ ಯೋಗಾಭ್ಯಾಸವನ್ನು ಕಲಿಸಿ, ಅಷ್ಟೇ ಸಂಖ್ಯೆಯ ಇತರ ರೋಗಿಗಳೊಡನೆ ಹೋಲಿಸಿದ ವರದಿಯನ್ನು ಪ್ರಕಟಿಸಿದರು. ದಿನಕ್ಕೆ ೬೫ ನಿಮಿಷ ಅಭ್ಯಾಸಮಾಡುವಂತೆ ಹೇಳಲ್ಪಟ್ಟ ಮೊದಲನೆಯ ವರ್ಗದಲ್ಲಿ ವಾರದ ಆಕ್ರಮಣಗಳೂ ಔಷಧದ ಅವಶ್ಯಕತೆಯೂ ಹೆಚ್ಚಾಗಿ ತಗ್ಗಿದುವು. ಅನಂತರ ೨೦೧೬ರಲ್ಲಿ ಕೊಕ್ರೇನ್ ಸಂಸ್ಥೆಯವರು ೧೫ ಪರೀಕ್ಷೆಗಳನ್ನು, ಒಟ್ಟು ೧೦೪೮ ರೋಗಿಗಳ ವೃತ್ತಾಂತವನ್ನು, ಒಟ್ಟುಗೂಡಿಸಿ ವಿಮರ್ಶಿಸಿ, ಯೋಗದಿಂದ ರೋಗಿಯ ಜೀವನಸುಖಕ್ಕೂ ಲಕ್ಷಣಗಳ ಶಮನಕ್ಕೂ ಅಲ್ಪವಾದ ಪ್ರಯೋಜನವಿರುವುದು ಸಂಭವನೀಯವೆಂದೂ, ಪುಪ್ಪುಸದ ಶಕ್ತಿಯ ಮೇಲಿನ ಪರಿಣಾಮವು ಅನಿಶ್ಚಿತವೆಂದೂ ಹೇಳಿದರು. ವರ್ಧಕವನ್ನು ತಡೆದಾಗ ವೃದ್ಧಿಯು ತಗ್ಗುವುದು, ಮೂಲವು ಉಳಿಯುವುದು ಎಂಬ ಸಿದ್ಧಾಂತಕ್ಕೆ ಇದು ಅನುಗುಣವಾಗಿಯೇ ಇದೆ.

ಚರಕನು ತಮಕಶ್ವಾಸವನ್ನು ಯಾಪ್ಯವೆಂದು, ಅಂದರೆ ಪೂರ್ತಿಯಾಗಿ ಹೋಗದಿದ್ದರೂ ಪಥ್ಯೌಷಧಗಳಿಂದ ಹಿಡಿತದಲ್ಲಿರಿಸತಕ್ಕುದೆಂದು, ಹೊಸತಾಗಿದ್ದರೆ ಸಾಧ್ಯವೆಂದು ಹೇಳಿರುವನು. ಯಾಪನವೆಂದರೆ ದಿನದಿನದ ಕಾರ್ಯ. ರೋಗಿಗೆ ಧೂಳು ಹೊಗೆಗಳಿಲ್ಲದ ಎಡೆಯೂ, ತಪ್ಪದೆ ದೊರೆಯುವ ಔಷಧವೂ, ತನ್ನ ಉಬ್ಬಸವನ್ನು ನಂಬುವ ಮನೆಮಂದಿಯೂ ಮೂರೂ ಬೇಕು. ಪರೀಕ್ಷೆಯ ಕೊಠಡಿಯಲ್ಲಿ ಏದುಸಿರು ಬಿಡುವ ವಿದ್ಯಾರ್ಥಿಯನ್ನು ಕಂಡ ಉಪಾಧ್ಯಾಯನು ಅದನ್ನು ಹೆದರಿಕೆಯ ನಟನೆಯೆಂದು ಎಣಿಸದೆ, ಮೊದಲು ಅವನ ಔಷಧವನ್ನು ಕೈಗೆ ಕೊಟ್ಟು, ಅನಂತರ ಎರಡು ಸಮಾಧಾನದ ಮಾತನ್ನು ಹೇಳುವುದು ಉಚಿತವಾದ ಕ್ರಮ.